ತಣ್ಣಗಿದ್ದ ಕಿವಿ

“ಕೂದಲು ಹಿಂದೆ ಮಾಡಿ. ಎಲ್ಲರ ಕಿವಿಯೂ ಕಾಣಬೇಕು.”

ಅಲ್ಫೋನ್ಸ್ ಮಾಸ್ಟ್ರು ಹೀಗೆ ಹೇಳಿದ್ದೇ ತಡ, ನಾಲ್ಕನೇ ಕ್ಲಾಸಿನ ಇಪ್ಪತ್ತಮೂರು ಮಕ್ಕಳೂ ಶಾಲೆಯ ಜಗಲಿಯಲ್ಲಿ ಸಾಲಾಗಿ ನಿಂತರು. ಹುಡುಗಿಯರು ಜಡೆಯನ್ನು ಬೆನ್ನಿಗೆ ಹಾಕಿಕೊಂಡರು. ಚನಿಯ ಎಂಬ ಹುಡುಗ ಯಾರಿಗೂ ಕಾಣದ ಹಾಗೆ ತನ್ನ ಸ್ಲೇಟನ್ನು ಮೊದಲು ಒಂದು ಕಿವಿಗೆ ಒತ್ತಿ ಹಿಡಿದ, ಆಮೇಲೆ ಇನ್ನೊಂದಕ್ಕೆ. ಸ್ಲೇಟು ತಣ್ಣಗಿರುತ್ತದಲ್ಲ, ಅದಕ್ಕೆ. ಪಾಪ, ಆ ದಿನ ಅವನು ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೂ ಅವನಿಗೆ ತನ್ನ ಕಿವಿಯ ಮೇಲೆ ಭರವಸೆ ಇರಲಿಲ್ಲ.

ಉರ್ವದ ಆ ಶಾಲೆಯಲ್ಲಿ ತಪ್ಪು ಮಾಡಿದವರನ್ನು ಹಿಡಿಯುವ ಕ್ರಮವೇ ಹೀಗೆ. ಮಾಸ್ಟ್ರು ಬೆತ್ತ ಮುಟ್ಟುವವರಲ್ಲ. ಸುಳ್ಳು ಹೇಳಿದವರ ಕಿವಿ ಕೆಂಪಾಗಿ ಬಿಸಿಯಾಗುತ್ತದೆ ಎಂದು ಅವರು ನಂಬಿದ್ದರು. ಅವರು ಚಿಕ್ಕವರಿದ್ದಾಗ ಅವರ ಮಾಸ್ಟ್ರು ಹಾಗೆ ಮಾಡುತ್ತಿದ್ದರಂತೆ. ಹೋದ ವರ್ಷ ಹೆಡ್‌ಮಾಸ್ಟ್ರ ಹಿತ್ತಿಲಿನ ಮಾವಿನಕಾಯಿ ಕದ್ದವನನ್ನು ಹೀಗೆ ಕಿವಿ ಮುಟ್ಟಿಯೇ ಹಿಡಿದಿದ್ದರು. ಕದ್ದವನು ಇದೇ ಚನಿಯ. ಅಂದಿನಿಂದ ಮಕ್ಕಳಿಗೂ ಈ ವಿಷಯದಲ್ಲಿ ಎಳ್ಳಷ್ಟು ಸಂಶಯ ಇರಲಿಲ್ಲ.

ಆದರೆ ಈ ಸಲದ ತಪ್ಪು ಮಾವಿನಕಾಯಿಯಷ್ಟು ಸಣ್ಣದಲ್ಲ.

ಇದು ೧೯೩೪ನೇ ಇಸವಿಯ ಮಾತು. ಆಗ ವರ್ಷಕ್ಕೊಮ್ಮೆ ಶಾಲೆಗೆ ಇನ್‌ಸ್ಪೆಕ್ಟರು ಬರುತ್ತಿದ್ದರು. ಅವರು ಬರುವುದೆಂದರೆ ಸಾಮಾನ್ಯವೇ? ಜಗಲಿಗೆ ಸೆಗಣಿ ಸಾರಿಸಬೇಕು, ಗೋಡೆಗೆ ಸುಣ್ಣ ಬಳಿಯಬೇಕು, ಮಕ್ಕಳು ಉಗುರು ಕತ್ತರಿಸಿಕೊಂಡು ಬರಬೇಕು. ಅವರಿಗೆ ತೋರಿಸಲೆಂದೇ ಅಲ್ಫೋನ್ಸ್ ಮಾಸ್ಟ್ರು ಒಂದು ದೊಡ್ಡ ಬಿಳಿ ಬಟ್ಟೆಯ ಮೇಲೆ ದಕ್ಷಿಣ ಕನ್ನಡ ಜಿಲ್ಲೆಯ ನಕ್ಷೆ ಬಿಡಿಸಿದ್ದರು. ಕ್ರಿಸ್ಮಸ್ ರಜೆಯಿಡೀ ಅದಕ್ಕೇ ಹೋಗಿತ್ತು. ನದಿಗಳಿಗೆ ನೀಲಿ, ಗುಡ್ಡಗಳಿಗೆ ಕಂದು, ಮಂಗಳೂರಿಗೆ ಮಾತ್ರ ಒಂದು ಕೆಂಪು ಬೊಟ್ಟು. ಬಣ್ಣ ಪೂರ್ತಿ ಒಣಗಲಿ ಎಂದು ಅದನ್ನು ಶನಿವಾರ ತಮ್ಮ ಮೇಜಿನ ಮೇಲೆ ಹಾಸಿ ಹೋಗಿದ್ದರು.

ಸೋಮವಾರ ಬೆಳಿಗ್ಗೆ ಬಂದು ನೋಡುತ್ತಾರೆ, ಮಂಗಳೂರೇ ಇಲ್ಲ. ಅದರ ಮೇಲೆ ಅಂಗೈಯಗಲ ಶಾಯಿ ಚೆಲ್ಲಿ, ಹರಿದು, ಉಳ್ಳಾಲವನ್ನೂ ನುಂಗಿಬಿಟ್ಟಿತ್ತು. ಇನ್‌ಸ್ಪೆಕ್ಟರು ಬರಲು ಮೂರೇ ದಿನ ಉಳಿದಿತ್ತು.

ಯಾರು ಮಾಡಿದ್ದು ಎಂದು ನಿಮ್ಮಿಂದ ಮುಚ್ಚಿಡುವುದು ಯಾಕೆ? ಮಾಡಿದ್ದು ಕುಶಲಾ.

ಕುಶಲಾಳ ಅಪ್ಪ ಬಂದರಿನಲ್ಲಿ ಗುಮಾಸ್ತರು. ಅವರು ಬೇಗ ಹೊರಟ ದಿನ ಇವಳೂ ಅವರ ಜೊತೆಗೇ ಹೊರಟು ಬೇಗ ಶಾಲೆಗೆ ಬರುತ್ತಿದ್ದಳು. ಆ ಸೋಮವಾರವೂ ಹಾಗೆಯೇ ಬಂದು, ನಕ್ಷೆಯ ಎದುರು ನಿಂತು ಉರ್ವ ಎಲ್ಲಿದೆ ಎಂದು ಹುಡುಕಿದಳು. ಉರ್ವ ಇರಲಿಲ್ಲ. ಬಂಟ್ವಾಳ ಇದೆ, ಮೂಡಬಿದಿರೆ ಇದೆ, ತಮ್ಮ ಉರ್ವ ಇಲ್ಲವೆಂದರೆ ಏನು ಅನ್ಯಾಯ! ಒಂದು ಸಣ್ಣ ಬೊಟ್ಟು ಇಟ್ಟರೆ ಯಾರಿಗೆ ಏನು ನಷ್ಟ ಎಂದುಕೊಂಡು ಮಾಸ್ಟ್ರ ಪೆನ್ನನ್ನು ಶಾಯಿಯಲ್ಲಿ ಅದ್ದಿದಳು. ಬೊಟ್ಟು ಇಟ್ಟದ್ದು ಸ್ವಲ್ಪ ದೊಡ್ಡದಾಯಿತು. ಒರೆಸಲು ಹೋದಳು, ಇನ್ನೂ ದೊಡ್ಡದಾಯಿತು. ಗಾಬರಿಯಲ್ಲಿ ಮೊಣಕೈ ತಾಗಿ ಶಾಯಿಕುಡಿಕೆಯೇ ಮಗುಚಿ ಬಿತ್ತು.

ಅವಳು ಬಾವಿಯ ಹತ್ತಿರ ಓಡಿ, ಹೊಯಿಗೆ ಮರಳಿನಲ್ಲಿ ತಿಕ್ಕಿ ತಿಕ್ಕಿ ಬೆರಳು ತೊಳೆದಳು. ಓಡುವಾಗ ಜಗಲಿಯ ತುದಿಯಲ್ಲಿ ಅವಳ ಕ್ಲಾಸಿನ ದೇಯಿ ಕಂಬಕ್ಕೆ ಒರಗಿ, ಮೊಣಕಾಲಿನ ಮೇಲೆ ತಲೆಯಿಟ್ಟು ಕೂತದ್ದು ಕಂಡಿತು. ನಿದ್ದೆ ಮಾಡುತ್ತಿದ್ದಾಳೆ, ಬಚಾವ್ ಎಂದುಕೊಂಡಳು ಕುಶಲಾ. ಗಂಟೆ ಬಾರಿಸಿದ ಮೇಲೆ, ಆಗ ತಾನೇ ಮನೆಯಿಂದ ಬಂದವಳ ಹಾಗೆ ಉಳಿದ ಮಕ್ಕಳ ಜೊತೆ ಸೇರಿಕೊಂಡಳು.

ಈಗ ಮಾಸ್ಟ್ರು ಒಬ್ಬೊಬ್ಬರನ್ನೇ “ನೀನಾ?” ಎಂದು ಕೇಳುತ್ತ, “ಅಲ್ಲ ಮಾಸ್ಟ್ರೇ” ಎಂದವರ ಕಿವಿಯನ್ನು ಎರಡು ಬೆರಳಿನಿಂದ ಮುಟ್ಟಿ ನೋಡುತ್ತ ಬರುತ್ತಿದ್ದರು. ಕುಶಲಾಳಿಗೆ ಓಡಿಹೋಗೋಣ ಎನಿಸಿತು. ಹೇಳಿಬಿಡೋಣ ಎಂದೂ ಒಮ್ಮೆ ಎನಿಸಿತು. ಅಷ್ಟರಲ್ಲಿ ಮಾಸ್ಟ್ರು ಎದುರಿಗೇ ಬಂದುಬಿಟ್ಟರು.

“ನೀನಾ?”

“ಅಲ್ಲ ಮಾಸ್ಟ್ರೇ.”

ಬೆರಳು ಅವಳ ಕಿವಿಗೆ ತಾಗಿತು. ಹೆದರಿಕೆಗೆ ಅವಳ ಕೈಕಾಲೆಲ್ಲ ತಣ್ಣಗಾಗಿದ್ದವು, ಕಿವಿಯೂ ತಣ್ಣಗಾಗಿತ್ತು. ಮಾಸ್ಟ್ರು ತಲೆಯಾಡಿಸಿ ಮುಂದೆ ಹೋದರು. ಅವಳಿಗೆ ನಂಬಲಿಕ್ಕೇ ಆಗಲಿಲ್ಲ.

ಅವಳ ಪಕ್ಕದಲ್ಲೇ ದೇಯಿ ನಿಂತಿದ್ದಳು. ಅವಳ ಎರಡು ಕಿವಿಯೂ ಕೇಪುಳ ಹೂವಿನಷ್ಟು ಕೆಂಪಗಿದ್ದವು. ಮುಟ್ಟುವ ಮೊದಲೇ ಎಲ್ಲರಿಗೂ ಕಾಣುತ್ತಿತ್ತು. ಮಾಸ್ಟ್ರು ಮುಟ್ಟಿ, ಕೈಯನ್ನು ಬೇಗನೆ ಹಿಂದೆ ತೆಗೆದುಕೊಂಡರು.

ದೇಯಿಯ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಅವಳಿಗೆ ಎರಡು ವರ್ಷದಿಂದ ಚಳಿಜ್ವರ. ಬರುತ್ತದೆ, ಬಿಡುತ್ತದೆ, ಇನ್ನು ಇಲ್ಲ ಎನ್ನುವಾಗ ಪುನಃ ಬರುತ್ತದೆ. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಶಾಲೆಗೆ ಬಂದದ್ದಕ್ಕಿಂತ ಬಾರದ ದಿನಗಳೇ ಹೆಚ್ಚು. ಆದರೆ ಬಂದ ದಿನ ಅವಳ ಎದುರು ಯಾರೂ ನಿಲ್ಲುವ ಹಾಗಿರಲಿಲ್ಲ. ಲೆಕ್ಕವಾದರೆ ಮಾಸ್ಟ್ರು ಬೋರ್ಡಿನಲ್ಲಿ ಬರೆದು ಮುಗಿಸುವಷ್ಟರಲ್ಲಿ ಅವಳಲ್ಲಿ ಉತ್ತರ ತಯಾರು. ಅವಳ ತಾಯಿ ಅಮ್ಮಣಿ ಗೇರುಬೀಜದ ಕಾರ್ಖಾನೆಗೆ ಹೋಗುವಾಗ ಬೆಳಿಗ್ಗೆ ಬೇಗ ಅವಳನ್ನು ಶಾಲೆಯ ಜಗಲಿಯಲ್ಲಿ ಬಿಟ್ಟು ಹೋಗುತ್ತಿದ್ದಳು.

ಹಾಜರಿ ಕಡಿಮೆ ಇದ್ದ ಕಾರಣ ದೇಯಿಯನ್ನು ಐದನೇ ಕ್ಲಾಸಿಗೆ ಹಾಕುವ ಹಾಗಿರಲಿಲ್ಲ. ಆಗ ಅಲ್ಫೋನ್ಸ್ ಮಾಸ್ಟ್ರೇ ಅಮ್ಮಣಿಗೆ ಒಂದು ದಾರಿ ಹೇಳಿದ್ದರು. ಇನ್‌ಸ್ಪೆಕ್ಟರ ಎದುರು ಹುಡುಗಿಯನ್ನು ನಿಲ್ಲಿಸುತ್ತೇನೆ, ಅವರು ಕೇಳಿದ್ದಕ್ಕೆ ಸರಿಯಾಗಿ ಹೇಳಿದರೆ ಪಾಸು ಮಾಡಿಸುತ್ತೇನೆ ಎಂದಿದ್ದರು. ಅಮ್ಮಣಿಯೂ ಒಪ್ಪಿದ್ದಳು. ಪಾಸಾದರೆ ಶಾಲೆ. ಇಲ್ಲದಿದ್ದರೆ ಕುಲಶೇಖರದಲ್ಲಿರುವ ತನ್ನ ಅಣ್ಣನ ಮನೆಗೆ ಕಳಿಸುವುದು, ಅಲ್ಲಿ ಒಂದು ಎಳೆಮಗು ಇದೆ, ನೋಡಿಕೊಳ್ಳಲು ಜನ ಬೇಕು ಎಂದು ಮೊದಲೇ ತೀರ್ಮಾನವಾಗಿತ್ತು. ಇದೆಲ್ಲ ಕುಶಲಾಳಿಗೆ ಗೊತ್ತಿತ್ತು. ದೇಯಿಯೇ ಹೇಳಿದ್ದಳು.

“ನೀನಾ ದೇಯಿ?” ಎಂದರು ಮಾಸ್ಟ್ರು.

ದೇಯಿ ಸುಮ್ಮನೆ ಅವರ ಬಾಯಿಯನ್ನೇ ನೋಡಿದಳು. ಮಾಸ್ಟ್ರು ಪುನಃ ಕೇಳಿದರು. ಅವಳು ತಡವಾಗಿ, “ಎಂತ ಮಾಸ್ಟ್ರೇ?” ಎಂದಾಗ ಮಕ್ಕಳೆಲ್ಲ ಕಿಸಕ್ಕೆಂದು ನಕ್ಕರು. ಮೂರನೇ ಸಲ ಕೇಳಿದಾಗ ತಾನಲ್ಲ ಎಂದಳು. ಬೆಳಿಗ್ಗೆ ನಾನು ಬರುವಾಗ ಇಲ್ಲಿದ್ದದ್ದು ನೀನೊಬ್ಬಳೇ, ಅಲ್ಲವಾ ಎಂದು ಕೇಳಿದರು ಮಾಸ್ಟ್ರು. ದೇಯಿ ಒಮ್ಮೆ ಕುಶಲಾಳ ಕಡೆ ತಿರುಗಿದಳು. ಕುಶಲಾ ಕೆಳಗೆ ನೋಡುತ್ತ ತನ್ನ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು.

“ನಾನಲ್ಲ ಮಾಸ್ಟ್ರೇ,” ಎಂದಳು ದೇಯಿ ಮತ್ತೊಮ್ಮೆ. ಅವಳ ಕಿವಿ ಇನ್ನೂ ಕೆಂಪಾಗಿತ್ತು.

ಮಾಸ್ಟ್ರಿಗೆ ಸಿಟ್ಟಿಗಿಂತ ಬೇಸರವೇ ಜಾಸ್ತಿಯಾದ ಹಾಗೆ ಕಂಡಿತು. ನಕ್ಷೆ ಹಾಳಾದದ್ದು ಹೋಗಲಿ, ನೀನು ಹೀಗೆ ಮುಖ ನೋಡಿ ಸುಳ್ಳು ಹೇಳ್ತಿ ಅಂತ ತಿಳಿದಿರಲಿಲ್ಲ ಎಂದರು. ಒಳಗೆ ಹೋಗಿ, ಇನ್‌ಸ್ಪೆಕ್ಟರ ಎದುರು ನಿಲ್ಲುವ ಮಕ್ಕಳ ಪಟ್ಟಿಯಿಂದ ಅವಳ ಹೆಸರಿಗೆ ಅಡ್ಡಗೆರೆ ಎಳೆದರು. ಪೆನ್ನು ಕಾಗದದ ಮೇಲೆ ಕರ್ರೆಂದದ್ದು ಕುಶಲಾಳಿಗೆ ಜಗಲಿಯವರೆಗೂ ಕೇಳಿಸಿತು.

ಶಾಲೆ ಬಿಟ್ಟ ಮೇಲೆ ಮಾಸ್ಟ್ರ ಹತ್ತಿರ ಹೋಗಿ ಹೇಳುವುದೆಂದು ಕುಶಲಾ ಗಟ್ಟಿ ಮಾಡಿಕೊಂಡಿದ್ದಳು. ಆದರೆ ಶಾಲೆ ಬಿಟ್ಟಾಗ ಹೆಡ್‌ಮಾಸ್ಟ್ರು ಅಲ್ಲೇ ನಿಂತಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡಳು. ಮಂಗಳವಾರ ಮಾಸ್ಟ್ರು ಹೊಸ ಬಟ್ಟೆಯ ಮೇಲೆ ಅವಸರದಲ್ಲಿ ಇನ್ನೊಂದು ನಕ್ಷೆ ಬರೆಯುತ್ತಿದ್ದರು, ಅವರ ಮುಖ ನೋಡಲಿಕ್ಕೇ ಹೆದರಿಕೆಯಾಗುತ್ತಿತ್ತು. ಮಂಗಳವಾರವೂ ಹೋಯಿತು. ತಪ್ಪು ಒಪ್ಪಿಕೊಳ್ಳಲು ಒಳ್ಳೆಯ ಹೊತ್ತು ಹುಡುಕುತ್ತ ಕೂತರೆ ಅದು ಬರುವುದೇ ಇಲ್ಲ, ಆ ಅನುಭವ ನಿಮಗೂ ಇರಬಹುದು.

ಬುಧವಾರವೂ ದೇಯಿ ಬಾರದಿದ್ದಾಗ ಕುಶಲಾ ಅವಳ ಮನೆಗೇ ಹೋದಳು. ಬಾಗಿಲಿಗೆ ಚಿಲಕ ಹಾಕಿತ್ತು. ಪಕ್ಕದ ಮನೆಯವಳು ಮೀನು ತೊಳೆಯುತ್ತಲೇ ವಿಷಯ ಹೇಳಿದಳು. ಇನ್‌ಸ್ಪೆಕ್ಟರ ಎದುರು ನಿಲ್ಲಿಸುವುದಿಲ್ಲ ಎಂದ ಮೇಲೆ ಇನ್ನು ಶಾಲೆ ಎಂತಕ್ಕೆ ಎಂದು ಅಮ್ಮಣಿ ಮಂಗಳವಾರವೇ ಹುಡುಗಿಯನ್ನು ಕುಲಶೇಖರಕ್ಕೆ ಬಿಟ್ಟು ಬಂದಿದ್ದಳು.

ಆಗಲೂ ಹೊತ್ತು ಮೀರಿರಲಿಲ್ಲ. ಇನ್‌ಸ್ಪೆಕ್ಟರು ಬರುವುದು ಗುರುವಾರ ಹತ್ತು ಗಂಟೆಗೆ. ಬುಧವಾರ ಸಂಜೆ ಕುಶಲಾ ಬಾಯಿ ಬಿಟ್ಟಿದ್ದರೆ ಯಾರಾದರೂ ಹೋಗಿ ದೇಯಿಯನ್ನು ಕರೆತರುತ್ತಿದ್ದರು. ಆದರೆ ಕುಶಲಾ ಮನೆಗೆ ಬಂದು, ಗಂಜಿ ಉಂಡು, ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಗುರುವಾರ ರುಮಾಲು ಸುತ್ತಿದ, ಉದ್ದ ಕೋಟಿನ ಇನ್‌ಸ್ಪೆಕ್ಟರು ಜಟಕಾದಲ್ಲಿ ಬಂದಿಳಿದರು. ಹೊಸ ನಕ್ಷೆಯನ್ನು ಹೊಗಳಿದರು. ಮಕ್ಕಳಿಗೆ ಮೂರು ಪ್ರಶ್ನೆ ಕೇಳಿದರು. ಮೊದಲ ಎರಡಕ್ಕೆ ಅವರು ಇವರು ಸೇರಿ ಹೇಗೋ ಉತ್ತರ ಕೊಟ್ಟರು. ಮೂರನೆಯದಕ್ಕೆ ಇಡೀ ಕ್ಲಾಸೇ ಪಿಳಿಪಿಳಿ ನೋಡಿತು. ಮಾಸ್ಟ್ರು ಅಭ್ಯಾಸಬಲದಿಂದ ದೇಯಿ ಕೂರುವ ಜಾಗದ ಕಡೆ ನೋಡಿ, ಕೂಡಲೇ ಮುಖ ತಿರುಗಿಸಿಕೊಂಡದ್ದನ್ನು ಕುಶಲಾ ಕಂಡಳು. ಇನ್‌ಸ್ಪೆಕ್ಟರು ನಕ್ಕು, ಎಲ್ಲರನ್ನೂ ಪಾಸು ಮಾಡಿ, ಜಟಕಾ ಹತ್ತಿ ಹೋದರು.

ಶನಿವಾರ ಕುಶಲಾಳಿಗೆ ಚಳಿ ಶುರುವಾಯಿತು. ಎರಡು ಕಂಬಳಿ ಹೊದೆಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಆಮೇಲೆ ಮೈ ಕಾದ ಕಾವಲಿಯ ಹಾಗಾಯಿತು. ಅಮ್ಮ ದವಾಖಾನೆಯ ಕಂಪೌಂಡರ್ ಸಲಾಂ ಸಾಹೇಬರಿಂದ ಕ್ವಿನೈನ್ ತಂದು ಕುಡಿಸಿದರು. ಅಯ್ಯೋ, ಆ ಕಹಿ! ಬೆಲ್ಲ ತಿಂದರೂ ಹೋಗದ ಕಹಿ.

ಮೂರನೇ ದಿನ ಅವಳಿಗೆ ಕಿವಿಯೊಳಗೆ ದುಂಬಿ ಹೊಕ್ಕ ಹಾಗೆ ಗುಂಯ್ ಎಂದು ಕೇಳತೊಡಗಿತು. ಅಮ್ಮ ಏನೋ ಹೇಳಿದರು, ಬಾಯಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಕಿವಿ ಉರಿಯುತ್ತಿತ್ತು. ಕುಶಲಾ ಗೋಡೆಯ ಕನ್ನಡಿಯ ಎದುರು ಹೋಗಿ ನಿಂತಳು. ಎರಡು ಕಿವಿಯೂ ಕೆಂಪು ಕೆಂಪಾಗಿದ್ದವು.

ಅಜ್ಜಿ ನೋಡಿದವರೇ, ಯಾರೋ ಎಲ್ಲೋ ನಿನ್ನ ವಿಷಯ ಮಾತಾಡ್ತಾ ಇದ್ದಾರೆ, ಕಿವಿ ಬಿಸಿಯಾಗುವುದು ಅದಕ್ಕೇ ಎಂದರು. ದೇಯಿಯೇ ಇರಬೇಕು ಎಂದುಕೊಂಡಳು ಕುಶಲಾ. ಆಮೇಲೆ ಮಾಸ್ಟ್ರ ಮಾತು ನೆನಪಾಯಿತು. ಆದರೆ ಆ ದಿನ ಬೆಳಿಗ್ಗೆಯಿಂದ ಅವಳು ಒಂದೂ ಸುಳ್ಳು ಹೇಳಿರಲಿಲ್ಲ, ಮಾತೇ ಆಡಿರಲಿಲ್ಲ. ಸುಳ್ಳು ಹೇಳಿದ ದಿನ ತಣ್ಣಗಿದ್ದ ಕಿವಿ ಇವತ್ತು ಯಾಕೆ ಹೀಗೆ?

ಸಂಜೆ ಸಲಾಂ ಸಾಹೇಬರು ಮನೆಯ ದಾರಿಯಾಗಿ ಹೋಗುವಾಗ ಒಳಗೆ ಬಂದು ನಾಡಿ ನೋಡಿದರು. ಕುಶಲಾ ಅವರ ಹತ್ತಿರ ಮೆಲ್ಲಗೆ ಕೇಳಿದಳು. ಕಿವಿ ಕೆಂಪಾಗುವುದು ಸುಳ್ಳು ಹೇಳಿದರೆ ಮಾತ್ರವಾ?

ಸಲಾಂ ಸಾಹೇಬರಿಗೆ ನಗು ಬಂತು. “ಕಿವಿ ಕೆಂಪಾಗಲಿಕ್ಕೆ ಕಾರಣ ಒಂದಾ ಎರಡಾ, ಮಗಾ? ಜ್ವರ ಏರುವಾಗ ಆಗ್ತದೆ. ಬಿಸಿಲಲ್ಲಿ ನಿಂತರೆ ಆಗ್ತದೆ, ನಾಚಿಕೆಯಾದರೆ ಆಗ್ತದೆ, ಸಿಟ್ಟು ಬಂದರೂ ಆಗ್ತದೆ. ಕೆಲವರಿಗೆ ಈ ಕ್ವಿನೈನಿನಿಂದಲೂ ಆಗ್ತದೆ. ಸುಳ್ಳಿನಿಂದ ಆಗ್ತದೋ ಇಲ್ಲವೋ, ಅದಕ್ಕೆ ನಮ್ಮಲ್ಲಿ ಮದ್ದು ಇಲ್ಲ.”

ಆಮೇಲೆ ಚೀಲ ಕಟ್ಟುತ್ತ ಇನ್ನೊಂದು ಮಾತು ಹೇಳಿದರು. ನಿನ್ನದು ನಾಲ್ಕು ದಿನದ ಜ್ವರ, ಬಿಟ್ಟು ಹೋಗ್ತದೆ. ಕಷ್ಟ ಇರುವುದು ವರ್ಷಗಟ್ಟಲೆ ಕಾಯಿಲೆ ಬಿದ್ದವರಿಗೆ. ಅಮ್ಮಣಿಯ ಮಗಳು ದೇಯಿ ಇಲ್ಲವಾ, ಅವಳ ಹೊಟ್ಟೆಯಲ್ಲಿ ಜ್ವರಗಡ್ಡೆ ಉಂಟು. ಮದ್ದು ಕುಡಿದ ದಿನ ಆ ಹುಡುಗಿಗೆ ಮುಖ ಕಿವಿ ಎಲ್ಲ ಬೆಂಕಿ, ಕರೆದರೆ ಕೇಳುವುದೂ ಇಲ್ಲ. ಹೋದ ಸೋಮವಾರ ಬೆಳಿಗ್ಗೆಯೂ ಅವಳ ತಾಯಿ ಬಂದು ಬಾಗಿಲು ತಟ್ಟಿ ಮದ್ದು ತಕೊಂಡು ಹೋಗಿದ್ದಳು ಎಂದರು.

ಕುಶಲಾ ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡಳು. ಒಳಗೆ ತುಂಬ ಅತ್ತಳು. ಅಮ್ಮ ಜ್ವರಕ್ಕೆ ಅಳುತ್ತಿದ್ದಾಳೆಂದು ತಿಳಿದು ಬೆನ್ನು ಸವರುತ್ತ ಕೂತರು.

ಜ್ವರ ಬಿಟ್ಟು ಶಾಲೆಗೆ ಹೋದದ್ದು ಶುಕ್ರವಾರ. ಈ ಸಲ ಅವಳು ಒಳ್ಳೆಯ ಹೊತ್ತಿಗೆ ಕಾಯಲಿಲ್ಲ. ಪ್ರಾರ್ಥನೆಗೂ ಮೊದಲೇ ಮಾಸ್ಟ್ರ ಮೇಜಿನ ಹತ್ತಿರ ಹೋಗಿ ನಿಂತು ಎಲ್ಲವನ್ನೂ ಹೇಳಿದಳು. ಉರ್ವಕ್ಕೆ ಬೊಟ್ಟು ಇಡಲು ಹೋದದ್ದು, ಶಾಯಿ ಚೆಲ್ಲಿದ್ದು, ಬೆರಳು ತೊಳೆದದ್ದು. ಸಲಾಂ ಸಾಹೇಬರು ಹೇಳಿದ್ದನ್ನೂ ಒಂದು ಬಿಡದೆ ಹೇಳಿದಳು. ಹೇಳುವಾಗ ಮೂಗು ಸುರಿಯುತ್ತಿತ್ತು.

ಮಾಸ್ಟ್ರು ಬೈಯುತ್ತಾರೆ ಎಂದು ಅವಳು ಕಾದಳು. ಅವರು ತುಂಬ ಹೊತ್ತು ತಮ್ಮ ಎರಡು ಬೆರಳುಗಳನ್ನೇ ನೋಡುತ್ತಿದ್ದರು.

“ನಿನ್ನ ಕಿವಿಯನ್ನೂ ನಾನು ಮುಟ್ಟಿ ನೋಡಿದ್ದೆ, ಅಲ್ಲವಾ?”

“ಹೌದು ಮಾಸ್ಟ್ರೇ.”

“ತಣ್ಣಗಿತ್ತು,” ಎಂದರು ಅವರು. ಆಮೇಲೆ ಕುರ್ಚಿಯಲ್ಲಿ ಕೂತರು. ಆ ದಿನ ಅವರು ಪಾಠ ಮಾಡಲಿಲ್ಲ, ಮಕ್ಕಳಿಗೆ ಬರೆಯಲು ಹೇಳಿ ಕಿಟಕಿಯ ಹತ್ತಿರ ನಿಂತಿದ್ದರು.

ಭಾನುವಾರ ಇಗರ್ಜಿಯ ಪ್ರಾರ್ಥನೆಯಿಂದ ಬಂದು ಊಟ ಮುಗಿಸಿ ಮಾಸ್ಟ್ರು ಕುಶಲಾಳ ಮನೆಗೆ ಬಂದರು. ಅಪ್ಪನ ಹತ್ತಿರ ಮಾತಾಡಿ ಅವಳನ್ನು ಕುಲಶೇಖರಕ್ಕೆ ಕರೆದುಕೊಂಡು ಹೊರಟರು. ಕೊಡಿಯಾಲ್‌ಬೈಲಿನ ಗದ್ದೆಯ ಬದುವಿನಲ್ಲಿ ಮಾಸ್ಟ್ರು ಮುಂದೆ, ಅವಳು ಹಿಂದೆ. ಅಲ್ಲಿಂದ ಮೂಡಕ್ಕೆ ಹೋಗುವ ರಸ್ತೆ ಕೆಂಪು ಮಣ್ಣಿನದು, ಕೊನೆಯೇ ಇಲ್ಲದ ಏರು. ಕುಶಲಾಳಿಗೆ ಇನ್ನೂ ಸುಸ್ತು ಹೋಗಿರಲಿಲ್ಲ. ಆದರೂ ಕೂತುಕೊಳ್ಳೋಣ ಎಂದು ಅವಳು ಕೇಳಲಿಲ್ಲ. ಮನಸ್ಸಿನಲ್ಲಿ ಅವಳು ಒಂದೇ ಲೆಕ್ಕ ಹಾಕುತ್ತಿದ್ದಳು. ಮಾಸ್ಟ್ರು ಹೇಳುತ್ತಾರೆ, ದೇಯಿಯ ಮಾವ ಒಪ್ಪುತ್ತಾರೆ, ನಾಳೆಯಿಂದ ದೇಯಿ ಶಾಲೆಗೆ ಬರುತ್ತಾಳೆ, ತನ್ನ ಪೆನ್ಸಿಲು, ತನ್ನ ಪುಸ್ತಕ, ಏನು ಬೇಕಾದರೂ ಅವಳಿಗೇ.

ದೇಯಿಯ ಮಾವ ಮಾಯಿಲಪ್ಪ ಒಳ್ಳೆಯ ಮನುಷ್ಯ. ಮಾಸ್ಟ್ರು ಮನೆಗೇ ಬಂದದ್ದಕ್ಕೆ ಗಡಬಡಿಸಿ ಚಾಪೆ ಹಾಕಿ, ಬೆಲ್ಲ ನೀರು ತಂದಿಟ್ಟರು. ಹೇಳಿದ್ದೆಲ್ಲವನ್ನೂ ತಲೆ ತಗ್ಗಿಸಿ ಕೇಳಿದರು. ಆಮೇಲೆ ತಮ್ಮ ಕಷ್ಟ ಹೇಳಿದರು. ಹೆಂಡತಿ ಹೋದ ವಾರದಿಂದ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದಾಳೆ. ಮಗು ದೇಯಿಗೆ ಹೊಂದಿಕೊಂಡಿದೆ, ಅವಳನ್ನು ಬಿಟ್ಟರೆ ಯಾರೂ ಇಲ್ಲ. ಅಷ್ಟಕ್ಕೂ ಈಗ ಹೋದರೆ ಪುನಃ ನಾಲ್ಕರಲ್ಲೇ ಕೂರಬೇಕಲ್ಲವೇ ಎಂದು ಕೇಳಿದರು. ಮಾಸ್ಟ್ರಿಗೆ ಇಲ್ಲ ಎನ್ನಲಾಗಲಿಲ್ಲ. ಇನ್‌ಸ್ಪೆಕ್ಟರು ಕಾಸರಗೋಡಿನ ಕಡೆ ಹೋಗಿಯಾಗಿತ್ತು, ಇನ್ನು ಬರುವುದು ಬರುವ ವರ್ಷವೇ.

“ಒಂದು ವರ್ಷ ಕಳೆಯಲಿ ಮಾಸ್ಟ್ರೇ. ನೋಡುವ,” ಎಂದರು ಮಾಯಿಲಪ್ಪ.

ದೊಡ್ಡವರು ‘ನೋಡುವ’ ಎಂದರೆ ಅದರ ಅರ್ಥ ಏನು ಎಂದು ಹತ್ತು ವರ್ಷದ ಕುಶಲಾಳಿಗೂ ಗೊತ್ತಿತ್ತು.

ದೇಯಿ ಅಂಗಳದ ಬದಿಯಲ್ಲಿ, ಎಡ ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡು ನಿಂತಿದ್ದಳು. ಆ ದಿನ ಅವಳಿಗೆ ಜ್ವರ ಇರಲಿಲ್ಲ. ಕಿವಿ ಎಲ್ಲರ ಕಿವಿಯ ಹಾಗೆಯೇ ಇತ್ತು. ಮಾಸ್ಟ್ರು ಎದ್ದು ಅವಳ ಹತ್ತಿರ ಹೋಗಿ, ತಲೆಯ ಮೇಲಿನ ಕರಿ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ನನ್ನಿಂದ ತಪ್ಪಾಯಿತು ಮಗಾ,” ಎಂದರು.

ಮಾಸ್ಟ್ರು ಹಾಗೆ ಹೇಳುವುದನ್ನು ದೇಯಿ ಎಂದೂ ಕೇಳಿರಲಿಲ್ಲ. ಅವಳು ಮಗುವಿನ ಕಾಲ್ಗೆಜ್ಜೆಯನ್ನು ಸರಿಮಾಡಿದಳು. ಮಾಸ್ಟ್ರು ಹಿಂದೆ ಸರಿದು ಜಗಲಿಗೆ ಹೋದರು. ಈಗ ಅಂಗಳದಲ್ಲಿ ಇಬ್ಬರೇ ಹುಡುಗಿಯರು.

ಕುಶಲಾ ದಾರಿಯಲ್ಲಿ ಯೋಚಿಸಿಕೊಂಡು ಬಂದದ್ದೆಲ್ಲ ಮರೆತೇಹೋಯಿತು. ನಕ್ಷೆಗೆ ಇಂಕು ಚೆಲ್ಲಿದ್ದು ನಾನು ಎಂದಷ್ಟೇ ಹೇಳಿದಳು.

“ಗೊತ್ತುಂಟು,” ಎಂದಳು ದೇಯಿ. “ನಾನು ನಿದ್ದೆ ಮಾಡಿರಲಿಲ್ಲ.”

“ಮತ್ತೆ ನೀನು ಹೇಳಲಿಲ್ಲ ಯಾಕೆ?”

“ನೀನು ಹೇಳ್ತಿ ಅಂತ ಇದ್ದೆ.”

ದೇಯಿ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿಯಿತ್ತು, ಜಗಳವನ್ನಾದರೂ ಆಡಬಹುದಿತ್ತು. ಬಸ್ಸು ಬರುತ್ತದೆ ಎಂದು ಕಾದೆ, ಬರಲಿಲ್ಲ ಎನ್ನುವವರ ಹಾಗೆ ಹೇಳಿದಳು.

ಆಮೇಲೆ ದೇಯಿಯೇ ಕೇಳಿದಳು. “ಇನ್‌ಸ್ಪೆಕ್ಟರು ಎಂತ ಕೇಳಿದ್ರು?”

ಮಂಗಳೂರಿನ ಹತ್ತಿರ ಸಮುದ್ರ ಸೇರುವ ಎರಡು ನದಿ ಯಾವುವು ಎಂದು ಕೇಳಿದರು ಎಂದಳು ಕುಶಲಾ.

“ನೇತ್ರಾವತಿ, ಗುರುಪುರ,” ಎಂದಳು ದೇಯಿ ಕೂಡಲೇ. “ಮತ್ತೆ?”

ಒಂದು ಮನೆಯ ಮಾಡಿನಲ್ಲಿ ಹದಿನಾರು ಸಾಲು ಹಂಚು, ಸಾಲಿಗೆ ಇಪ್ಪತ್ತೈದರ ಹಾಗೆ, ಒಟ್ಟು ಎಷ್ಟು ಎಂದು ಕೇಳಿದರು.

“ನಾನ್ನೂರು. ಮತ್ತೆ?”

ಮೂರನೆಯದನ್ನು ಹೇಳುವಾಗ ಕುಶಲಾಳ ದನಿ ಸಣ್ಣದಾಯಿತು. ಮುಳುಗುವ ಸೂರ್ಯನಿಗೆ ಮುಖ ಮಾಡಿ ನಿಂತರೆ ನಿನ್ನ ಎಡಗೈ ಯಾವ ದಿಕ್ಕಿಗೆ ಇರುತ್ತದೆ?

ದೇಯಿ ಮಗುವನ್ನು ಬಲ ಸೊಂಟಕ್ಕೆ ಬದಲಾಯಿಸಿದಳು. ಬಿಸಿಲಿನ ಕಡೆ ತಿರುಗಿ ನಿಂತು, ಖಾಲಿಯಾದ ಎಡಗೈಯನ್ನು ನೆಟ್ಟಗೆ ಚಾಚಿದಳು. ಆ ಕೈ ಎಷ್ಟು ಸಪೂರ ಇತ್ತು!

“ದಕ್ಷಿಣ,” ಎಂದಳು.

ಜಗಲಿಯಲ್ಲಿ ಕೂತಿದ್ದ ಮಾಸ್ಟ್ರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

“ಮತ್ತೆ ಎಂತ ಕೇಳಿದ್ರು?”

“ಅಷ್ಟೇ.”

“ಮೂರೇಯಾ?”

“ಮೂರೇ.”

ದೇಯಿ ಚಾಚಿದ ಕೈಯನ್ನು ಇಳಿಸಿದಳು. “ಹಾಗಾದ್ರೆ ನಾನು ಪಾಸಾಗ್ತಿದ್ದೆ,” ಎಂದಳು.

ಏನಾದರೊಂದು ಸಮಾಧಾನದ ಮಾತು ಹೇಳಬಹುದಿತ್ತು. ಇನ್‌ಸ್ಪೆಕ್ಟರು ತುಂಬ ಜೋರು ಮಾರಾಯ್ತಿ, ಯಾರಿಗೂ ಏನೂ ಬರಲಿಲ್ಲ, ನಿನಗೂ ಕಷ್ಟವೇ ಆಗುತ್ತಿತ್ತು ಎಂದು ಹೇಳಬಹುದಿತ್ತು. ಅಂಥ ಮಾತು ಕುಶಲಾಳ ಬಾಯಿಯ ತುದಿಗೂ ಬಂತು. ದೇಯಿ ಅವಳನ್ನೇ ನೋಡುತ್ತಿದ್ದಳು, ಆ ದಿನ ಸಾಲಿನಲ್ಲಿ ನಿಂತು ನೋಡಿದ ಹಾಗೆಯೇ ನೋಡುತ್ತಿದ್ದಳು. ಈ ಸಲ ಕುಶಲಾ ನೆಲ ನೋಡಲಿಲ್ಲ.

“ಹೌದು,” ಎಂದಳು. “ನೀನು ಪಾಸಾಗ್ತಿದ್ದಿ.”

ದೇಯಿ ತಲೆಯಾಡಿಸಿದಳು. ಮಗು ಹಸಿವಾಗಿ ರಾಗ ಎಳೆಯತೊಡಗಿತ್ತು. ಅದಕ್ಕೆ ಗಂಜಿ ಕುಡಿಸುವ ಹೊತ್ತಾಯಿತು ಎಂದು ಹೇಳಿ ಅವಳು ಒಳಗೆ ಹೋದಳು.

ಕುಶಲಾ ಅಂಗಳದಲ್ಲೇ ನಿಂತಿದ್ದಳು. ಹೇಳಬೇಕಾದದ್ದನ್ನೆಲ್ಲ ಈಗ ಹೇಳಿಯಾಗಿತ್ತು. ಮಾಸ್ಟ್ರು ಟೊಪ್ಪಿ ಇಟ್ಟುಕೊಂಡು, ಕತ್ತಲಾಗುವ ಮೊದಲು ಮನೆ ಸೇರಬೇಕು, ಹೊರಡುವ ಎಂದರು. ಒಳಗೆ ದೇಯಿ ಮಗುವಿಗೆ ಗಂಜಿ ಕುಡಿಸುತ್ತ, ಒಂದೊಂದು ಚಮಚಕ್ಕೂ ಒಂದು, ಎರಡು, ಮೂರು ಎಂದು ಎಣಿಸಲು ಕಲಿಸುತ್ತಿದ್ದಳು.